ರುಖವತದ ಹನ್ನೊಂದು ಗಾಜಿನ ಕುರಿಗಳು

ಸೊಲ್ಲಾಪುರದಲ್ಲಿ ಚಾದರ ಮಾರುವವರು ಸಾವಿರ ಜನ ಇದ್ದಾರು. ಅವರಲ್ಲಿ ಸುಳ್ಳು ಹೇಳದೆ ಮಾರುವವರು ಎಷ್ಟು ಜನ ಎಂದು ಕೇಳಿದರೆ ಪೇಟೆಯವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಚನ್ನವೀರಪ್ಪನವರ ಹೆಸರು ಹೇಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಗಿರಾಕಿ ಚಾದರ ಎತ್ತಿ ಹಿಡಿದು "ಚಲೋ ಐತೇನ್ರಿ?" ಎಂದರೆ, "ಅಂಚಿನ್ಯಾಗ ಒಂದು ಎಳಿ ಬಿಟ್ಟೈತಿ, ನೋಡ್ಕೊರಿ" ಎಂದು ತಾವೇ ತೋರಿಸುವ ಮನುಷ್ಯ. ಅಂಥವರು ಐವತ್ತೆಂಟನೆಯ ವಯಸ್ಸಿನಲ್ಲಿ, ತಮ್ಮದೇ ಮನೆಯ ಸೋಫಾದ ಮೇಲೆ ಕೂತು, ಒಂದು ಸುಳ್ಳು ಹೇಳಿದರು. ಅಭ್ಯಾಸ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಅದಕ್ಕೂ ಚಿಕ್ಕಂದಿನಿಂದ ರೂಢಿ ಬೇಕು.

ಅವತ್ತು ಮಗಳು ಸಾರಿಕಾಳ ಮದುವೆಯ ಯಾದಿ, ಅಂದರೆ ಕೊಡುಕೊಳ್ಳುವ ಪಟ್ಟಿ, ಬರೆಯಲು ದುಧನಿಯಿಂದ ಬೀಗರು ಬಂದಿದ್ದರು. ವರ ನಿತಿನ, ಅಡತಿ ವ್ಯಾಪಾರಿಯ ಮಗ, ಒಳ್ಳೆಯ ಹುಡುಗ. ಅವನ ವಿಷಯ ಇಷ್ಟೇ ಸಾಕು. ಯಾಕೆಂದರೆ ಆ ಮನೆಯಲ್ಲಿ ಮಾತಾಡುವ ಹಕ್ಕು ಇದ್ದದ್ದು ಅವನ ಅಪ್ಪನ ಅಕ್ಕ ಕಸ್ತೂರಬಾಯಿಯವರಿಗೆ ಮಾತ್ರ. ಅವರು ಕೆಮ್ಮಿದರೆ ದುಧನಿಯ ಮನೆಯಲ್ಲಿ ಫ್ಯಾನು ನಿಲ್ಲಿಸುತ್ತಿದ್ದರು. ಅಂಥವರು ಚಹಾದ ಬಸಿ ಕೆಳಗಿಟ್ಟು ಕೇಳಿದರು.

"ಅಲ್ರಿ ಬೀಗರ, ರುಖವತದಾಗ ಹುಡುಗಿ ಏನೇನು ಇಡ್ತಾಳ?"

ರುಖವತ ಗೊತ್ತಿಲ್ಲದವರು ಪುಣ್ಯವಂತರು. ಮದುವೆಯ ಮಂಟಪದಲ್ಲಿ ಒಂದು ಮೇಜು ಹಾಕಿ, ಹುಡುಗಿ ಕೈಯಾರೆ ಮಾಡಿದ ಕಸೂತಿ, ಗೊಂಬೆ, ಸಕ್ಕರೆಯ ತುಳಸಿಕಟ್ಟೆ ಎಲ್ಲ ಸಾಲಾಗಿ ಇಡುತ್ತಾರೆ. ಗಂಡಿನ ಕಡೆಯ ಹೆಂಗಸರು ಅದನ್ನು ಮುಟ್ಟಿ, ಎತ್ತಿ, ತಿರುವಿ ನೋಡುತ್ತಾರೆ. ಇದು ನೋಡುವುದಲ್ಲ, ಪರೀಕ್ಷೆ. ಇದರ ಫಲಿತಾಂಶ ಮೂವತ್ತು ವರ್ಷವಾದರೂ ಹಳೆಯದಾಗುವುದಿಲ್ಲ. ಸಾರಿಕಾ ಓದಿದ್ದು ಫಿಸಿಯೋಥೆರಪಿ. ನಡೆಯಲಾರದ ಮೊಣಕಾಲುಗಳನ್ನು ನಡೆಸುತ್ತಿದ್ದಳು, ಆದರೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಚನ್ನವೀರಪ್ಪನವರ ಹೆಂಡತಿ ಸುವರ್ಣಾ ಈ ಪ್ರಶ್ನೆ ಕಿವಿಗೆ ಬಿದ್ದ ಕೂಡಲೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು.

"ನಮ್ಮ ದೊಡ್ಡ ಸೊಸಿ ಕ್ರೋಶಾದಾಗ ಇಡೀ ವಿಠ್ಠಲ ಮಂದಿರ ಮಾಡಿದ್ಲು," ಎಂದರು ಕಸ್ತೂರಬಾಯಿ. "ಕಳಸ ಸುದ್ದಾ ಇತ್ತು."

ಚನ್ನವೀರಪ್ಪನವರ ಕಣ್ಣು ದಿಕ್ಕೆಟ್ಟು ಗೋಡೆಯಿಂದ ಗೋಡೆಗೆ ಹೋಯಿತು. ಟಿವಿಯ ಪಕ್ಕದಲ್ಲಿ ಒಂದು ಗಾಜಿನ ಕುರಿ ನಿಂತಿತ್ತು. ಮೂರು ತಿಂಗಳ ಹಿಂದೆ ಸಾರಿಕಾ ಯಾವುದೋ ಪ್ರದರ್ಶನದಲ್ಲಿ ಕೊಂಡು ತಂದದ್ದು. ಉಬ್ಬಿದ ಹೊಟ್ಟೆ, ಮೈತುಂಬ ಗಾಜಿನ ಹನಿಗಳ ಉಣ್ಣೆ, ಪೆದ್ದು ಮುಖ.

"ಆ ಕುರಿ ಐತಲ್ರಿ ಅಕ್ಕಾರ, ಅದು ಆಕಿ ಮಾಡಿದ್ದು," ಎಂದುಬಿಟ್ಟರು.

"ಕಾಚಿಂದಲ್ರಿ ಇದು? ಕಾಚ ಹೆಂಗ ಮಾಡ್ತಾರ?"

"ಊದಿ ಮಾಡೂದ್ರಿ."

"ಬಾಯಿಲೆ?"

"ಬಾಯಿಲೆನರಿ."

ಕಸ್ತೂರಬಾಯಿ ಎದ್ದು ಕುರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂರು ಸಲ ತಿರುವಿದರು. ಕೊನೆಗೆ ಅಪ್ಪಣೆ ಆಯಿತು. "ಹನ್ನೊಂದು ಇಡ್ರಿ. ಒಂದಾ ಇಟ್ರ ಹಿಂಡು ತಪ್ಪಿಸ್ಕೊಂಡು ಬಂದಂಗ ಕಾಣತೈತಿ."

ಸಂಜೆ ಆಸ್ಪತ್ರೆಯಿಂದ ಬಂದ ಸಾರಿಕಾ ಸುದ್ದಿ ಕೇಳಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಪಪ್ಪಾ, ನನಗ ಬಲೂನ ಊದಿದ್ರ ತಲಿ ತಿರಗತೈತಿ. ನನ್ನ ಹುಟ್ಟಿದ ದಿನಕ್ಕ ಬಲೂನ ಎಲ್ಲಾ ನೀನಾ ಊದತಿದ್ದಿ."

"ಏನ ಮಾಡ್ಲಿ, ಮಾತು ಬಂತು, ಅಂದೆ."

"ಬಂದ ಮಾತು ವಾಪಸ ತಗೊ. ಈಗ ಫೋನ ಮಾಡಿ ಹೇಳು."

"ಲಗ್ನ ಮುರದ್ರ?"

"ಒಂದು ಕುರಿ ಸಲುವಾಗಿ ಮುರಿಯೂ ಲಗ್ನ ಇದ್ರೂ ಅಷ್ಟಾ, ಬಿಟ್ರೂ ಅಷ್ಟಾ." ಆಮೇಲೆ ಅಪ್ಪನ ಮುಖ ನೋಡಿ ದನಿ ಸ್ವಲ್ಪ ಸಡಿಲಿಸಿದಳು. "ಅಕ್ಷತಾ ಬೀಳೂದ್ರಾಗ ನೀ ಕಸ್ತೂರಬಾಯಿ ಆತ್ಯಾರಿಗೆ ಖರೇ ಹೇಳಬೇಕು. ಇಲ್ಲಂದ್ರ ಅಲ್ಲೇ ನಿಂತು ನಾನಾ ಹೇಳ್ತೀನಿ. ಮತ್ತ ಈ ಕುರಿ ಎಲ್ಲಿ ಸಿಗತಾವ ಅಂತ ನನ್ನ ಕೇಳಬ್ಯಾಡ. ಸುಳ್ಳು ನಿಂದು, ಹುಡುಕೂದೂ ನಿಂದಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಎಚ್ಚರಿಸಿದ್ದಾರೆ. ಗಾಜಿನ ಕುರಿಯ ವಿಷಯ ಏನೂ ಹೇಳಿ ಹೋಗಿಲ್ಲ. ಮರುದಿನ ಚನ್ನವೀರಪ್ಪ ಅಂಗಡಿಯನ್ನು ಆಳುಗಳಿಗೆ ಬಿಟ್ಟು ಕುರಿ ಹುಡುಕಲು ಹೊರಟರು. ಮೊದಲು ಹೋದದ್ದು ಕಿಟಕಿಗೆ ಗಾಜು ಕೂಡಿಸುವವನ ಹತ್ತಿರ. ಅವನು ಟೇಪು ಬಿಚ್ಚಿ "ಸೈಜ ಹೇಳ್ರಿ" ಎಂದ. "ಕುರಿ ಸೈಜ" ಎಂದರು ಇವರು. ಅವನು ಬಹಳ ಮರ್ಯಾದೆಯಿಂದ ಅವರಿಗೆ ಕುಡಿಯಲು ನೀರು ಕೊಟ್ಟ. ಅಲ್ಲಿಂದ ಕನ್ನಡಕದ ಅಂಗಡಿಗೆ ಹೋದರು. ಗಾಜಿನ ಕೆಲಸ ಎಂದ ಮೇಲೆ ಅವರಿಗೂ ಗೊತ್ತಿರಬೇಕಲ್ಲ. ಅಲ್ಲಿಯ ಹುಡುಗಿ ಇವರನ್ನು ಕುರ್ಚಿಯ ಮೇಲೆ ಕೂಡಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಅಕ್ಷರ ಓದಿಸಿದಳು. ಬೇಡ ಎನ್ನಲು ಸಂಕೋಚವಾಗಿ ಓದಿದರು. ಹೊರಗೆ ಬಂದಾಗ ಕುರಿ ಇರಲಿಲ್ಲ, ಮೂಗಿನ ಮೇಲೆ ಹೊಸ ಚಾಳೀಸು ಇತ್ತು.

ಎಂಟು ದಿನ ಹೀಗೆ ಹೋಯಿತು. ಓಣಿಯಲ್ಲಿ ಚನ್ನವೀರಪ್ಪ ಚಾದರ ಬಿಟ್ಟು ಗಾಜಿನ ಫ್ಯಾಕ್ಟರಿ ಹಾಕುತ್ತಾರೆ ಎಂದು ಸುದ್ದಿಯಾಯಿತು. ಇತ್ತ ದುಧನಿಯಿಂದ ಫೋನು ಬಂತು. ಕಸ್ತೂರಬಾಯಿ ಅಲ್ಲಿ ಒಂದು ಮನೆ ಬಿಡದೆ ಹೊಸ ಸೊಸೆ ಬಾಯಿಂದ ಗಾಜು ಊದುವ ಸುದ್ದಿ ಮುಟ್ಟಿಸಿದ್ದರು.

"ಬೀಗರ, ಎಲ್ಲಾರೂ ನೋಡಬೇಕು ಅನ್ನಾಕತ್ತಾರ. ಅಕ್ಷತಾಕ್ಕ ಮೊದಲ ಹುಡುಗಿ ಒಂದು ಊದಿ ತೋರಿಸ್ಲಿ. ಅಡಗಿಯವರ ಕಡಿಂದ ದೊಡ್ಡ ಒಲಿ ಇಸ್ಕೊಡ್ತೀನಿ."

ಚನ್ನವೀರಪ್ಪನವರ ಕೈಯಿಂದ ಫೋನು ಜಾರಬೇಕಾಗಿತ್ತು. ಆದರೆ ಹೆದರಿಕೆ ಮನುಷ್ಯನಿಗೆ ಎಂಥೆಂಥ ಬುದ್ಧಿ ಕೊಡುತ್ತದೆ ನೋಡಿ. "ಅಕ್ಕಾರ, ಅರಿಶಿಣ ಹಚ್ಚಿದ ಹುಡುಗಿ ಬೆಂಕಿ ಮುಂದ ಕೂಡಬಾರದಲ್ರಿ," ಎಂದರು. ಅಂಥ ಶಾಸ್ತ್ರ ಎಲ್ಲಿಯೂ ಇರಲಿಲ್ಲ. ಅದು ಹುಟ್ಟಿ ಅರ್ಧ ನಿಮಿಷವೂ ಆಗಿರಲಿಲ್ಲ. ಆದರೆ ದುಧನಿಯಲ್ಲಿ ಶಾಸ್ತ್ರಕ್ಕೆ ಕೊನೆಯ ಮಾತು ಕಸ್ತೂರಬಾಯಿಯವರದು. ತಮಗೆ ಗೊತ್ತಿಲ್ಲದ ಒಂದು ಶಾಸ್ತ್ರ ಇದೆ ಎಂದು ಅವರು ಒಪ್ಪುವುದು ಹೇಗೆ? "ಹೌದಲ್ಲ, ನನಗ ಮರತಾ ಹೋಗಿತ್ತು ನೋಡ್ರಿ," ಎಂದು ಫೋನು ಇಟ್ಟರು. ಆ ವಾರದಿಂದ ದುಧನಿಯಲ್ಲಿ ಅರಿಶಿಣ ಹಚ್ಚಿದ ಹುಡುಗಿಯರಿಗೆ ಚಹಾ ಕಾಸುವ ಕೆಲಸವೂ ತಪ್ಪಿತು.

ಒಂಬತ್ತನೆಯ ದಿನ, ಕಾಲೇಜುಗಳ ಪ್ರಯೋಗಶಾಲೆಗೆ ಗಾಜಿನ ನಳಿಗೆ ಒದಗಿಸುವ ಅಂಗಡಿಯವನು ದಾರಿ ತೋರಿಸಿದ. "ಒಡದದ್ದನ್ನ ಕೂಡಿಸಿ ಕೊಡೂದು ಹನ್ನೂರ ಅಣ್ಣಾರಾಯ ಮಾಮಾ. ಈಗೀಗ ಕುರಿ, ಪಕ್ಷಿ ಊದತಾರಂತ." ಚನ್ನವೀರಪ್ಪ ಅಕ್ಕಲಕೋಟೆಯ ಬಸ್ಸು ಹತ್ತಿ, ಅಲ್ಲಿ ಇಳಿದು, ಮಂದಿ ತುಂಬಿದ ಒಂದು ಬಾಡಿಗೆ ಜೀಪಿನಲ್ಲಿ ಮಡಿಲ ಮೇಲೆ ಯಾರದೋ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಹನ್ನೂರಿಗೆ ಹೋದರು.

ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಅದರ ಹಿಂದೆ ಕುರಿಯ ದೊಡ್ಡಿ. ಶೆಡ್ಡಿನಲ್ಲಿ ಅಣ್ಣಾರಾಯ ಗುಲಾಬಿ ಬಣ್ಣದ ಕನ್ನಡಕ ಹಾಕಿಕೊಂಡು ಗ್ಯಾಸಿನ ಉರಿಯ ಮುಂದೆ ಕೂತಿದ್ದರು. ಬಾಯಲ್ಲಿ ಒಂದು ರಬ್ಬರು ನಳಿಗೆ, ಅದರ ಇನ್ನೊಂದು ತುದಿಗೆ ಗಾಜಿನ ನಳಿಗೆ. ಎರಡೂ ಕೈ ಅದನ್ನು ಉರಿಯಲ್ಲಿ ತಿರುವುತ್ತಲೇ ಇದ್ದವು. ಗಾಜು ಬೆಲ್ಲದ ಪಾಕದ ಹಾಗೆ ಬಾಗಿದಾಗ ಅವರು ಒಂದೇ ಒಂದು ಸಣ್ಣ ಉಸಿರು ಬಿಟ್ಟರು. ಕುರಿಗೆ ಹೊಟ್ಟೆ ಬಂತು. ಚನ್ನವೀರಪ್ಪ ಬಂದ ಕೆಲಸ ಮರೆತು ಅರ್ಧ ತಾಸು ನಿಂತರು. ಕಾಲು, ಕಿವಿ, ಉಣ್ಣೆ ಎಲ್ಲ ಬಂದ ಮೇಲೆ ಅಣ್ಣಾರಾಯ ಅದನ್ನು ಬಿಸಿ ಬೂದಿಯ ಡಬ್ಬಿಯಲ್ಲಿ ಹೂತಿಟ್ಟರು.

"ಅವಸರದಾಗ ಆರಿಸಿದ್ರ ತಾನಾ ಒಡೀತೈತ್ರಿ," ಎಂದರು. "ನಾಳಿತನಕ ಅದರ ಕಡಿ ನೋಡೂದಿಲ್ಲ."

ಶೆಲ್ಫಿನ ಮೇಲೆ ಹತ್ತಿಪ್ಪತ್ತು ಕುರಿಗಳಿದ್ದವು. ಚನ್ನವೀರಪ್ಪ ಒಂದನ್ನು ಎತ್ತಿ, ಚಾದರ ನೋಡುವ ಕಣ್ಣಿನಿಂದ ನೋಡಿದರು. ರೂಢಿ ಬಿಡುವುದಿಲ್ಲ.

"ಇದರಾಗ ಗಾಳಿ ಗುಳ್ಳಿ ಐತ್ರಿ."

"ಗಾಳಿ ಇಲ್ಲಂದ್ರ ಕುರಿ ಹೆಂಗ ಉಸರಾಡ್ಬೇಕ್ರಿ?"

"ಹನ್ನೊಂದು ಬೇಕಾಗಿದ್ವು. ಎಲ್ಲಾ ಒಂದಾ ನಮೂನಿ ಬೇಕು."

ರೊಟ್ಟಿಯ ಬುಟ್ಟಿ ಹಿಡಿದು ಬಂದ ಅಣ್ಣಾರಾಯರ ಹೆಂಡತಿ ಮುಕ್ತಾಬಾಯಿ ಇದನ್ನು ಕೇಳಿ ಬಾಗಿಲಲ್ಲೇ ನಿಂತರು. "ಸಾವಕಾರ್ರ, ಹಿಂದ ದೊಡ್ಡ್ಯಾಗ ಎಂಬತ್ತು ಕುರಿ ಅದಾವ. ಒಂದರಂಗ ಇನ್ನೊಂದು ಇದ್ರ ಹುಡುಕಿ ಕೊಡ್ರಿ, ಅದನ್ನ ನಿಮಗ ಹಂಗಾ ಕೊಡ್ತೀನಿ."

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಂದವು. ಹೊಟ್ಟೆ ತಣ್ಣಗಾದ ಮೇಲೆ ಚನ್ನವೀರಪ್ಪನವರಿಗೆ ಮಾತು ಬಂತು. ತಮ್ಮ ಅಂಗಡಿಯ ಲೇಬಲ್ಲನ್ನು ಯಾರೋ ಬೇರೆ ಊರಿನ ನಕಲಿ ಚಾದರಕ್ಕೆ ಹಚ್ಚಿ ಮಾರಿದ್ದು, ತಾವು ಬಿಡದೆ ಆರು ವರ್ಷ ಕೋರ್ಟಿಗೆ ಅಲೆದದ್ದು, ಜಡ್ಜಿನ ಮುಂದೆ ಚಾದರ ಹಾಸಿ ತೋರಿಸಿದ್ದು, ಎಲ್ಲ ಹೇಳಿದರು. "ಮಾಡಿದಾಂವ ಒಬ್ಬಾಂವ, ಹೆಸರು ಇನ್ನೊಬ್ಬಾಂವಂದು ಅಂದ್ರ ಅದು ಕಳವು ಅಲ್ಲೇನ್ರಿ?" ಎಂದು ರೊಟ್ಟಿ ಹಿಡಿದ ಕೈಯನ್ನೇ ಎತ್ತಿ ಕೇಳಿದರು. ಅಣ್ಣಾರಾಯ ಹೌದೆಂದು ತಲೆ ಹಾಕಿ, ಹನ್ನೊಂದು ಕುರಿಗಳನ್ನು ಹುಲ್ಲಿನಲ್ಲಿ ಸುತ್ತುತ್ತ, ಒಂದೊಂದು ಡಬ್ಬಿಯಲ್ಲಿ ತಮ್ಮ ಹೆಸರು ಬರೆಸಿದ ಚೀಟಿ ಇಡತೊಡಗಿದರು.

"ಚೀಟಿ ಬ್ಯಾಡ್ರಿ," ಎಂದರು ಚನ್ನವೀರಪ್ಪ.

"ಯಾಕ್ರಿ?" ಎಂದರು ಮುಕ್ತಾಬಾಯಿ.

ಹೇಳದೆ ಗತಿಯಿರಲಿಲ್ಲ. ಹೇಳಿದರು. ರುಖವತ, ಕಸ್ತೂರಬಾಯಿ, ಬಾಯಿಂದ ಊದುವ ಮಗಳು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಯಾಕೆಂದರೆ ಜಡ್ಜಿನ ಮುಂದೆ ಚಾದರ ಹಾಸಿದ ಕಥೆ ಇನ್ನೂ ಶೆಡ್ಡಿನಲ್ಲೇ ಇತ್ತು.

ಅಣ್ಣಾರಾಯ "ಇರಲಿ ತಗೊರಿ, ಲಗ್ನದ ಮಾತು" ಎಂದರು. ಮುಕ್ತಾಬಾಯಿ ಅನ್ನಲಿಲ್ಲ.

"ನಮ್ಮಾಂವ ಮೂವತ್ತೆರಡು ವರ್ಷ ಪುಣೇದಾಗ ಗಾಜಿನ ಕಂಪನ್ಯಾಗ ಊದ್ಯಾನ. ಊರೂರ ಕಾಲೇಜದಾಗ ಅಂವ ಮಾಡಿದ ಸೀಸಾ ಅದಾವಂತ. ಒಂದರ ಮ್ಯಾಲೂ ಅವನ ಹೆಸರಿಲ್ಲ, ಕಂಪನಿ ಹೆಸರು. ಇಲ್ಲಿಗಿ ಬಂದ ಮ್ಯಾಲ ಈ ಚೀಟಿ ಸುರು ಮಾಡೀವಿ. ಈಗ ನಿಮ್ಮ ಮಗಳ ಹೆಸರಿಲೆ ಊದಬೇಕೇನ್ರಿ ಅಂವ? ನಿಮ್ಮ ಚಾದರಕ್ಕ ಕೋರ್ಟು, ನಮ್ಮ ಕುರೀಗಿ ಏನ್ರಿ?"

ಚನ್ನವೀರಪ್ಪ ರೊಟ್ಟಿ ಕೆಳಗಿಟ್ಟರು. ನೀರು ಕುಡಿದು, ಹೆಸರು ಹಾಕುತ್ತೇನೆ ಎಂದರು. ಮುಕ್ತಾಬಾಯಿಗೆ ಬಾಯಿಮಾತು ಸಾಲಲಿಲ್ಲ. ಒಳಗಿಂದ ಕುರಿಗಾರರ ದೇವರಾದ ಬೀರೋಬನ ಭಂಡಾರ ತಂದು ಅವರ ಅಂಗೈಗೆ ಹಾಕಿದರು. ಆ ಅರಿಶಿಣ ಹಿಡಿದು ಆಡಿದ ಮಾತು ತಪ್ಪಿದವರು ಆ ಸೀಮೆಯಲ್ಲಿ ಇಲ್ಲ. ಇದ್ದವರು ಹೇಳಿಕೊಳ್ಳಲು ಉಳಿದಿಲ್ಲ.

"ರುಖವತದಾಗ, ಎಲ್ಲಾರ ಕಣ್ಣಿಗಿ ಕಾಣೂವಂಗ, ಹೆಸರು ಇರಬೇಕು. ಲಗ್ನ ಅಕ್ಕಲಕೋಟ್ಯಾಗ ಅಂದ್ರಿ, ಹನ್ನೂರಿಂದ ಏನು ದೂರ, ನೋಡಾಕ ನಾವಾ ಬರ್ತೀವಿ."

"ಇರತೈತ್ರಿ," ಎಂದರು ಚನ್ನವೀರಪ್ಪ. ಹಳದಿ ಅಂಗೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಸೊಲ್ಲಾಪುರದ ತನಕ ಕೈ ಮೇಲೆತ್ತಿಕೊಂಡೇ ಬಂದರು. ಕಂಡಕ್ಟರು ಎರಡು ಸಲ ಟಿಕೀಟು ಬೇಕೇ ಎಂದು ಕೇಳಿದ.

ಹೆಸರು ಹಾಕಿದರೆ ಕಸ್ತೂರಬಾಯಿ, ಹಾಕದಿದ್ದರೆ ಬೀರೋಬ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ದಿನ ಯೋಚಿಸಿದ ಮೇಲೆ ಅಂಗಡಿಯ ಗಲ್ಲೆಯಲ್ಲಿ ಕೂತವರಿಗೆ ಹೊಳೆಯಿತು. ಮುಕ್ತಾಬಾಯಿ ಹೆಸರು ಕಾಣಬೇಕು ಎಂದಿದ್ದಾರೆ. ಯಾವ ಲಿಪಿಯಲ್ಲಿ ಎಂದು ಹೇಳಿಲ್ಲ. ಬೀಗರ ಮನೆಯಲ್ಲೂ ಇವರ ಮನೆಯಲ್ಲೂ ದಿನವಿಡೀ ಕನ್ನಡ ಮಾತಾಡುತ್ತಾರೆ, ಜಗಳವನ್ನೂ ಕನ್ನಡದಲ್ಲೇ ಆಡುತ್ತಾರೆ. ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಕಂಡರೆ ಬಸ್ಸಿನ ಬೋರ್ಡು ಎಂದು ತಿಳಿದು ಸುಮ್ಮನಾಗುತ್ತಾರೆ. ಚನ್ನವೀರಪ್ಪ ಮಾತ್ರ ಅಜ್ಜನ ಊರಲ್ಲಿ ಏಳನೆಯ ಇಯತ್ತೆಯ ತನಕ ಕನ್ನಡ ಓದಿದ್ದರು. ಹೆಸರು ಮೇಜಿನ ಹಾಸಿನಲ್ಲಿ ನೇಯ್ದಿರುತ್ತದೆ, ಸಾವಿರ ಜನ ನೋಡುತ್ತಾರೆ, ಒಬ್ಬರೂ ಓದುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಅವರು ಆ ಹೊತ್ತು ಕಲಿತರು.

ಚಾದರದ ನಕ್ಷೆ ಕೂಡಿಸುವ ಅಂಬಾದಾಸ ತೆಲುಗು ಮನೆಯವ, ಮರಾಠಿ ಓದಿದವ. ಚನ್ನವೀರಪ್ಪ ಅವನಿಗೆ ಒಂದು ಕಾಗದ ಕೊಟ್ಟರು. ಬರೆಯುವುದಾದರೆ ಪೂರ್ತಿ ಬರೆಯಬೇಕು ಎಂಬ ಪ್ರಾಮಾಣಿಕತನ ಆಗಲೂ ಬಿಟ್ಟಿರಲಿಲ್ಲ. 'ಈ ಕುರಿಗಳನ್ನು ಊದಿದವರು ಅಣ್ಣಾರಾಯ ಮಾಳಪ್ಪ ಪೂಜಾರಿ, ಹನ್ನೂರ' ಎಂದಿತ್ತು. "ಮೂಲ್ಯಾಗ, ಸಣ್ಣಾಗಿ, ಒಂದಾ ಸಲ," ಎಂದು ಹೇಳಿ ಬಂದರು.

ಹಾಸು ಬಂದಾಗ ಚನ್ನವೀರಪ್ಪ ಹೊಸ ಚಾಳೀಸು ಹಾಕಿಕೊಂಡು ನೋಡಿದರು. ಹಳದಿ ನೆಲದ ಮೇಲೆ ಕೆಂಪು ಅಕ್ಷರ, ಎರಡು ಬೆರಳು ಎತ್ತರ, ನಾಲ್ಕೂ ಕಡೆ ಅಂಚಿನ ತುಂಬ, ಹದಿನಾರು ಸಲ.

"ಸಾವಕಾರ್ರ, ಡಿಸೈನ ಭಾರಿ ಇತ್ರಿ," ಎಂದ ಅಂಬಾದಾಸ. "ಜಿಲೇಬಿ ಸಾಲು ಇದ್ದಂಗ. ಮೂಲ್ಯಾಗ ಒಂದಾ ಹಾಕಾಕ ಮನಸು ಬರ್ಲಿಲ್ಲ. ಎಲ್ಲಾ ಗೋಲ ಗೋಲ. ಇನ್ನೊಂದು ಡಜನ್ ನೇಯ್ದು ಮಾರೂನೇನ್ರಿ?"

ಮದುವೆ ಇದ್ದದ್ದು ಅಕ್ಕಲಕೋಟೆಯ ಕಾರ್ಯಾಲಯದಲ್ಲಿ, ಎರಡೂ ಊರಿಗೆ ನಡುವೆ ಎಂದು. ಬೆಳಿಗ್ಗೆಯಿಂದ ರುಖವತದ ಮೇಜಿನ ಸುತ್ತ ಹೆಂಗಸರ ಜಾತ್ರೆ. ಹನ್ನೊಂದು ಕುರಿಗಳು ಹಳದಿ ಹಾಸಿನ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ನಿಂತಿದ್ದವು. "ಬಾಯಿಲೆ ಊದ್ಯಾಳಂತ" ಎಂದು ಒಬ್ಬರು, "ಬಾರ್ಡರ್ ನೋಡ್ರಿ, ಎಷ್ಟ ಮಸ್ತ ಐತಿ" ಎಂದು ಇನ್ನೊಬ್ಬರು. ಅಂಥದೇ ಅಂಚಿನ ಸೀರೆ ಎಲ್ಲಿ ಸಿಗುತ್ತದೆ ಎಂದು ಮೂವರು ಸುವರ್ಣಾರ ಹತ್ತಿರ ವಿಚಾರಿಸಿದರು. ಚನ್ನವೀರಪ್ಪ ಕಂಬದ ಮರೆಯಲ್ಲಿ ನಿಂತು ಎಣಿಸುತ್ತಿದ್ದರು. ನೂರು ಜನ ನೋಡಿದರು, ಇನ್ನೂರು ಜನ ನೋಡಿದರು, ಒಬ್ಬರೂ ಓದಲಿಲ್ಲ.

"ಹೇಳೀರೇನು ಅಂತ ಕೇಳಾಕತ್ತಾಳ ಸಾರಿಕಾ," ಎಂದು ಸುವರ್ಣಾ ಮದುಮಗಳ ಕೋಣೆಯಿಂದ ಎರಡನೆಯ ಸಲ ಬಂದು ಕೇಳಿದರು.

"ಬಾರ್ಡರ್ ಹೇಳಾಕತ್ತೈತಿ," ಎಂದರು ಇವರು.

ಅಷ್ಟರಲ್ಲಿ ಕಸ್ತೂರಬಾಯಿ ಬಂದರು. ಹೆಂಗಸರು ತಾವಾಗಿಯೇ ಸರಿದು ದಾರಿ ಬಿಟ್ಟರು. ಅವರು ಕುರಿಗಳನ್ನು ನೋಡಲು ಬಗ್ಗಿದವರು ಬಗ್ಗಿಯೇ ಉಳಿದರು. ತುಟಿ ಅಲುಗುತ್ತಿತ್ತು. ಏನೋ ಶ್ಲೋಕ ಹೇಳುತ್ತಾರೆ ಎಂದುಕೊಂಡರು ಚನ್ನವೀರಪ್ಪ. ಅವರ ಬೆರಳು ಅಂಚಿನ ಮೇಲೆ ನಿಧಾನ ಸರಿಯತೊಡಗಿದಾಗ ಇವರು ಕಂಬಕ್ಕೆ ಇನ್ನಷ್ಟು ಅಂಟಿಕೊಂಡರು. "ಈ... ಕುರಿ... ಗಳನ್ನು..." ಕಸ್ತೂರಬಾಯಿ ಒಂದು ಕಡೆ ಪೂರ್ತಿ ಓದಿದರು. ಆಮೇಲೆ ಬಲಕ್ಕೆ ತಿರುಗಿ ಆ ಕಡೆಯನ್ನೂ ಓದಿದರು. ಎಲ್ಲಿಯಾದರೂ ಬೇರೆ ಹೆಸರು ಇದ್ದೀತು ಎಂದು ಹದಿನಾರು ಸಲವೂ ಓದಿದರು. ಕೊನೆಗೆ ಬಂದು ಚನ್ನವೀರಪ್ಪನವರ ಮೊಣಕೈ ಹಿಡಿದು ಕಂಬದ ಹಿಂದೆ ಎಳೆದುಕೊಂಡು ಹೋದರು.

"ನನಗ ಕನ್ನಡ ಓದಾಕ ಬರತೈತಿ ಅಂತ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ," ಎಂದರು. ಎರಡು ತಿಂಗಳಲ್ಲಿ ಅವರು ಕಸ್ತೂರಬಾಯಿಗೆ ಹೇಳಿದ ಮೊದಲ ಸತ್ಯ ಇದು. ಕಸ್ತೂರಬಾಯಿ ಅದನ್ನು ನಂಬಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ. ದುಧನಿ ಕನ್ನಡ ಸಾಲ್ಯಾಗ ನಾಕನೇ ಇಯತ್ತೆ ತನಕ ಕಲ್ತೀನಿ ನಾ. ನಮ್ಮ ಮನ್ಯಾಗ ತಮ್ಮಗ ಬರೂದಿಲ್ಲ, ನಿತಿನಗ ಬರೂದಿಲ್ಲ, ಯಾರಿಗೂ ಬರೂದಿಲ್ಲ. ಐವತ್ತು ವರ್ಷದಾಗ ನಾ ಓದ್ಲಿ ಅಂತ ಯಾರೂ ಒಂದು ಚೀಟಿ ಬರದಿಲ್ಲ. ನೀವು ಚಾದರನ ನೇಯಿಸೀರಿ." ಅವರ ಕಣ್ಣಲ್ಲಿ ನೀರು ಬಂದಿತ್ತು. "ಮಂದಿ ಮುಂದ ಮರ್ಯಾದಿ ಹೋಗಬಾರದು, ನನಗ ಒಬ್ಬಾಕಿಗಿ ಖರೇ ತಿಳೀಬೇಕು. ಬೀಗ ಅಂದ್ರ ಹಿಂಗಿರಬೇಕು. ನಾ ಹೊಟ್ಟ್ಯಾಗ ಹಾಕ್ಕೋತೀನ್ರಿ. ಹುಡುಗೀನ ಊದ್ಯಾಳ. ಮಾತು ಮುಗೀತು."

ಇಂಥ ದೈವ ನೂರರಲ್ಲಿ ಒಬ್ಬರಿಗೆ. ಮಗಳು ಹಾಕಿದ ಕರಾರು ತೀರಿತು, ಅಕ್ಷತೆಗೆ ಮೊದಲೇ ಆತ್ಯಾರಿಗೆ ಸತ್ಯ ತಿಳಿದಿದೆ. ಭಂಡಾರದ ಆಣೆಯೂ ಉಳಿಯಿತು, ಹೆಸರು ಹದಿನಾರು ಸಲ ಇದೆ. ಮರ್ಯಾದೆ ಒಂದು ಎಳೆ ಬಿಡದೆ ಹಾಗೆಯೇ ಇದೆ. ಚನ್ನವೀರಪ್ಪ ಬೆಳಿಗ್ಗೆಯಿಂದ ಮೊದಲ ಸಲ ಹಸಿವಾಯಿತೆಂದು ಊಟದ ಕಡೆ ನಾಲ್ಕು ಹೆಜ್ಜೆ ಹಾಕಿದರು.

ಆಗ ಮೇಜಿನ ಹತ್ತಿರ ಅಣ್ಣಾರಾಯ, ಮುಕ್ತಾಬಾಯಿ ಕಂಡರು. ಅಣ್ಣಾರಾಯ ಒಗೆದು ಇಸ್ತ್ರಿ ಮಾಡಿದ ಅಂಗಿ, ಹೊಸ ಹಳದಿ ರುಮಾಲು ಸುತ್ತಿಕೊಂಡು ಬಂದಿದ್ದರು. ಒಂದು ಕುರಿ ಸ್ವಲ್ಪ ಓರೆಯಾಗಿ ನಿಂತಿತ್ತು. ಸರಿ ಮಾಡಲು ಅವರು ಕೈ ಚಾಚಿದರು.

"ಕಾಕಾ, ಮುಟ್ಟಬ್ಯಾಡ್ರಿ," ಎಂದಳು ಗಂಡಿನ ಕಡೆಯ ಒಬ್ಬ ಹೆಣ್ಣುಮಗಳು. "ಕಾಚಿನವು, ಒಡೀತಾವ. ನಮ್ಮ ಹೊಸ ಸೊಸಿ ಮಾಡಿದ್ದು."

"ಹೌದೇನವ್ವ," ಎಂದು ಅಣ್ಣಾರಾಯ ಕೈ ಹಿಂದಕ್ಕೆ ತೆಗೆದುಕೊಂಡರು. ಬೆನ್ನ ಹಿಂದೆ ಕೈ ಕಟ್ಟಿ ನಿಂತರು. ಮುಕ್ತಾಬಾಯಿ ಕಾರ್ಯಾಲಯದ ಆಚೆ ಬದಿ ನಿಂತಿದ್ದ ಚನ್ನವೀರಪ್ಪನವರನ್ನು ಒಂದು ಸಲ ನೋಡಿದರು, ಅಷ್ಟೇ.

ಕೋರ್ಟಿನಲ್ಲಿ ಆರು ವರ್ಷ ಅಲೆದ ಸಿಟ್ಟೆಲ್ಲ ತಿರುಗಿ ಚನ್ನವೀರಪ್ಪನವರ ಮೇಲೆಯೇ ಬಂತು. ಊಟದ ಕಡೆ ಹೋಗುತ್ತಿದ್ದ ಕಾಲುಗಳು ವೇದಿಕೆಯ ಕಡೆ ಹೋದವು. ಅಲ್ಲಿ ಸ್ವಾಮಿಗಳು ಮಂಗಲಾಷ್ಟಕಕ್ಕೆ ಗಂಟಲು ಸರಿಮಾಡಿಕೊಂಡಿದ್ದರು, ಜನರ ಮುಷ್ಟಿಯಲ್ಲಿ ಅಕ್ಷತೆ ಇತ್ತು. "ಒಂದು ಮಿನಿಟ ಸ್ವಾಮ್ಯಾರ," ಎಂದು ಮೈಕು ಇಸಿದುಕೊಂಡರು.

"ಮಂಡಳಿ," ಎಂದು ಮರಾಠಿಯಲ್ಲಿ ಸುರು ಮಾಡಿದರು. ಮುಂದಿನ ಮಾತು ಮರಾಠಿಯಲ್ಲಿ ಬರಲಿಲ್ಲ. "ನನ್ನ ಮಗಳಿಗಿ ಬಲೂನ ಊದಾಕ ಬರೂದಿಲ್ಲ."

ಹಿಂದಿನ ಸಾಲಿನ ಒಬ್ಬ ಅಜ್ಜ ಮಂತ್ರವೆಂದು ತಿಳಿದು ಅಕ್ಷತೆ ಎಸೆದೇ ಬಿಟ್ಟರು.

"ರುಖವತದಾಗಿನ ಕುರಿ ಆಕಿ ಮಾಡಿಲ್ಲ. ನಾ ಸುಳ್ಳು ಹೇಳಿದೆ. ಅವನ್ನ ಊದಿದವರು ಅಣ್ಣಾರಾಯ ಮಾಳಪ್ಪ ಪೂಜಾರಿ, ಹನ್ನೂರವರು. ಅಲ್ಲಿ ಹಳದಿ ರುಮಾಲ ಸುತ್ಕೊಂಡು ನಿಂತಾರ ನೋಡ್ರಿ. ಅವರ ಕುರೀನ ಅವರಾ ಮುಟ್ಟಬಾರದು ಅಂತ ನಾವಾ ಹೇಳೀವಿ. ಮೇಜಿನ ಮ್ಯಾಲ ಅವರ ಹೆಸರು ಹದಿನಾರು ಸಲ ನೇಯಿಸೀನಿ. ನೀವು ಯಾರೂ ಓದಬಾರದು ಅಂತನ ಕನ್ನಡದಾಗ ನೇಯಿಸೀನಿ. ಇಷ್ಟಾ. ಇನ್ನ ಲಗ್ನ ಮುರಿಯವ್ರು ಮುರೀಬೌದು."

ಯಾರೂ ಮುರಿಯಲಿಲ್ಲ. ನಿತಿನನಿಗೆ ಈ ಸಂಗತಿ ಯಾದಿ ಬರೆದ ದಿನ ಸಂಜೆಯೇ ಸಾರಿಕಾ ಫೋನಿನಲ್ಲಿ ಹೇಳಿದ್ದಳಂತೆ. ಅವನು ತನ್ನ ಅಪ್ಪನಿಗೆ, ಅಪ್ಪ ಅಮ್ಮನಿಗೆ ಹೇಳಿದ್ದರಂತೆ. ಎರಡು ತಿಂಗಳಿಂದ ಇಡೀ ಮನೆ ಕಸ್ತೂರಬಾಯಿಯವರಿಗೆ ತಿಳಿಯಬಾರದೆಂದು ಕಷ್ಟಪಡುತ್ತಿತ್ತು. ವೇದಿಕೆಯ ಮೇಲೆ ಸಾರಿಕಾ ಬಾಸಿಂಗ ಸರಿಮಾಡಿಕೊಳ್ಳುವ ನೆವದಲ್ಲಿ ಕಣ್ಣು ಒರೆಸಿಕೊಂಡಳು. ಅಕ್ಷತೆ ಏಳು ನಿಮಿಷ ತಡವಾಗಿ ಬಿತ್ತು.

ಸಿಟ್ಟು ಬಂದದ್ದು ಕಸ್ತೂರಬಾಯಿಯವರಿಗೆ ಒಬ್ಬರಿಗೇ. ಸುಳ್ಳಿನ ಮೇಲಲ್ಲ. "ನನಗ ಒಬ್ಬಾಕಿಗಿ ಹೇಳಿದ್ದು ಅಂತ ತಿಳ್ಕೊಂಡಿದ್ನಿ. ಎಲ್ಲಾರಿಗೂ ಹೇಳಿಬಿಟ್ರಿ," ಎಂದು ಬೀಗರಿಗೆ ಬೆನ್ನು ಮಾಡಿ ಕೂತರು. ಚನ್ನವೀರಪ್ಪ ಎಷ್ಟು ಹೋಳಿಗೆ ಬಡಿಸಿದರೂ ಮುಖ ತಿರುಗಲಿಲ್ಲ. ಆದರೆ ಊಟ ಮುಗಿದದ್ದೇ ಜನ ಮೇಜಿನ ಸುತ್ತ ಮುಗಿಬಿದ್ದರು. "ಏನ ಬರದಾರ? ಎಲ್ಲಿಂದ ಸುರು? ಯಾ ಕಡಿಂದ ಓದಬೇಕು?" ಬಿಎ ಮಾಡಿದವರು, ಇಂಜಿನಿಯರು, ಒಬ್ಬ ತಹಶೀಲ ಕಚೇರಿಯ ಸಾಹೇಬರು, ಎಲ್ಲರೂ ಅಕ್ಷರದ ಮುಂದೆ ಬೆಪ್ಪಾಗಿ ನಿಂತರು. ನೆರೆದವರಲ್ಲಿ ಓದಬಲ್ಲವರು ಇಬ್ಬರೇ, ಅದರಲ್ಲಿ ಒಬ್ಬರ ಮೇಲೆ ಜನರಿಗೆ ನಂಬಿಕೆ ಹೋಗಿತ್ತು. ಕಸ್ತೂರಬಾಯಿಗೆ ಕುರ್ಚಿ ಹಾಕಿಸಿದರು. ಅವರು ಗತ್ತಿನಿಂದ ಕೂತು ಸಾಲಿನಲ್ಲಿ ಬಂದವರಿಗೆಲ್ಲ ಓದಿ ಹೇಳಿದರು. ಸಾಹೇಬರಿಗೆ ಎರಡು ಸಲ ಓದಿ ಹೇಳಿದರು. ಅಣ್ಣಾರಾಯರ ಸುತ್ತ ಇನ್ನೊಂದು ಗುಂಪು, ಆನೆ ಮಾಡುತ್ತೀರಾ, ನವಿಲು ಮಾಡುತ್ತೀರಾ ಎಂದು. ಅವರು ಬೆನ್ನ ಹಿಂದಿನ ಕೈ ಬಿಚ್ಚಿ ಓರೆಯಾದ ಕುರಿಯನ್ನು ಸರಿಯಾಗಿ ನಿಲ್ಲಿಸಿದರು.

ಬಿಸಿಲು ಇಳಿದು ಮಂದಿ ಕರಗಿದ ಮೇಲೆ ಮುಕ್ತಾಬಾಯಿ ಮೇಜಿನ ಹತ್ತಿರ ಬಂದರು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು.

"ಸಾವಕಾರ್ರ, ನನಗ ಓದಾಕ ಬರೂದಿಲ್ಲ. ಇದರಾಗ ಅವನ ಹೆಸರು ಎಲ್ಲೈತ್ರಿ?"

ಗಂಡನ ಹೆಸರನ್ನು ಅವರು ಜನ್ಮದಲ್ಲಿ ಬಾಯಲ್ಲಿ ಆಡಿದವರಲ್ಲ. ಚನ್ನವೀರಪ್ಪ ಹಾಸಿನ ಅಂಚಿಗೆ ಬಗ್ಗಿ, ಇಲ್ಲಿಂದ ಸುರು ಎಂದು 'ಅ' ತೋರಿಸಿದರು. ಮುಕ್ತಾಬಾಯಿ ಅದರ ಮೇಲೆ ಬೆರಳು ಇಟ್ಟರು. ಬೆರಳು ಒಂದೊಂದೇ ಅಕ್ಷರ ದಾಟುತ್ತ ಹೋಯಿತು. ಮೊದಲ ಕುರಿ ದಾಟಿತು, ಎರಡನೆಯ ಕುರಿ ದಾಟಿತು, ಮೂರನೆಯದರ ಕಾಲಿನ ಹತ್ತಿರ ಬಂದು ಚನ್ನವೀರಪ್ಪ "ಇಲ್ಲಿಗಿ ಮುಗೀತ್ರಿ" ಎನ್ನುವ ತನಕ ನಿಲ್ಲಲಿಲ್ಲ.

ಮುಕ್ತಾಬಾಯಿ ಬೆರಳು ಎತ್ತದೆ, ಬಂದ ದಾರಿಯನ್ನು ತಿರುಗಿ ನೋಡಿದರು.

"ಯವ್ವಾ, ಇಷ್ಟು ಉದ್ದ ಐತೇನ್ರಿ ಅವನ ಹೆಸರು?"